ಉಪವಾಸದ ರಕ್ತ
ಉಂಡ ಅನ್ನ ಮೈಯಲ್ಲಿ ಶಕ್ತಿಯಾಗುವಾಗ ಜೀವಕೋಶಗಳಿಗೆ ತುಕ್ಕು ಹೇಗೆ ಹಿಡಿಯುತ್ತದೆ ಎಂಬುದೊಂದೇ ಕೊಲ್ಲಾಪುರದ ಸಂಶೋಧಕ ಡಾಕ್ಟರ್ ಗುರುಸಿದ್ದರ ಧ್ಯಾನ. ದಿನಾ ಮುಂಜಾನೆ ಇಚಲಕರಂಜಿಯ ಮಗ್ಗದ ಶೆಡ್ಡಿಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಬಂದ ಕೆಲಸಗಾರ ಹೆಂಗಸರ ರಕ್ತ ತೆಗೆಯುತ್ತಾರೆ. “ನಿನ್ನೆ ರಾತ್ರಿ ಏನ್ ಉಂಡ್ರಿ? ಹೊಟ್ಟಿ ತುಂಬ ಉಂಡ್ರಿಲ್ಲೋ?” ಎಂದು ಹೆತ್ತತಾಯಿಯಂತೆ ವಿಚಾರಿಸಿ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಮಾತ್ರ, ತಾಟಿಗೆ ಹೊಟ್ಟು ಬಡಿಸಿದರೂ “ಭಾಳ ಚೊಲೋ ಆಗೇತಿ” ಎನ್ನುತ್ತ ಅರ್ಧಕ್ಕೇ ಎದ್ದು ಕಾಗದ ಹುಡುಕುತ್ತಾರೆ. ಗಡಹಿಂಗ್ಲಜದಿಂದ ಮದುವೆಯಾಗಿ ಬಂದ ಅವರ ಹೆಂಡತಿ ಶುಭಾಂಗಿಗೆ ಮಗ್ಗದ ಆ ಹೆಂಗಸರನ್ನು ನೆನೆದರೇ ಹೊಟ್ಟೆಕಿಚ್ಚು. ಒಂದು ಮುಂಜಾನೆ ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದವಳು, ಶೆಡ್ಡಿನಲ್ಲಿ ಅವರ ಸಾಲಿನಲ್ಲೇ ಕುಳಿತು ಗಂಡನ ಮುಂದೆ ತೋಳು ಚಾಚಿದಳು. ಡಾಕ್ಟರು ತಲೆ ಎತ್ತದೆ ಸೂಜಿ ಹಿಡಿದು ಕೇಳಿದರು: “ನಿನ್ನೆ ರಾತ್ರಿ ಏನ್ ಉಂಡ್ರಿ, ಅಕ್ಕಾರ?” “ನೀವು ಅರ್ಧಾ ಬಿಟ್ಟು ಎದ್ರಲ್ಲ, ಆ ರೊಟ್ಟಿರಿ.”