ನಳಿಗೆಯಲ್ಲಿ ಉಳಿದ ಈಡು

ನನ್ನ ತಂದೆ ಈಡು ತುಂಬಿದ ಕೋವಿಯನ್ನು ಹೊತ್ತು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು ಎಂಬುದು ನಿಜ. ಅದೇ ಕೋವಿಯನ್ನು, ತುಂಬಿದ ಸ್ಥಿತಿಯಲ್ಲೇ, ನಿಮ್ಮ ಗೇಟಿನಿಂದ ಹೊರಗೆ ಕಳಿಸಿದವರು ನೀವು ಎಂಬುದೂ ನಿಜ. ಮೊದಲನೆಯ ನಿಜದ ಮೇಲೆ ಮೊಕದ್ದಮೆ ನಡೆಯುತ್ತಿದೆ. ಎರಡನೆಯದನ್ನು ಕಲ್ಯಾಣದಾಚೆಯ ಆ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿಗಳಾದ ನೀವು ನುಂಗಿದ್ದೀರಿ. ನಿಮ್ಮ ಸಮಿತಿ ನೀರು ಕುಡಿಸಿ ಅದನ್ನು ಒಳಗಿಳಿಸಿದೆ. ನಾನು ಆ ಮಧ್ಯಾಹ್ನ ಅಲ್ಲಿದ್ದೆ. ಆದರೆ ಮಗಳ ಸಾಕ್ಷಿ ಮನೆಯವರ ಮಾತು, ಅದಕ್ಕೆ ತೂಕವಿಲ್ಲವಂತೆ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಅದು ಒಂಟಿ ನಳಿಗೆಯ ಕೇಪಿನ ಕೋವಿ. ಬಾಯಿಯಿಂದ ಕರಿಮದ್ದು ಸುರಿದು, ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡನ್ನು ಗಜವೆಂಬ ಉದ್ದ ಸರಳಿನಿಂದ ತಳದವರೆಗೆ ಒತ್ತಿ, ಹಿಂಬದಿಯ ಸಣ್ಣ ಕೊಳವೆಗೆ ತಾಮ್ರದ ಕೇಪು ತೊಡಿಸಿ, ಕೇಪಿಗೆ ಬಡಿಯುವ ಕುದುರೆ ಎತ್ತಿ ಹೊಡೆಯುವ ಹಳೆಯ ಕಾಲದ್ದು. ಉಡುಪಿ ಕಡೆಯ ನಮ್ಮೂರಿನಲ್ಲಿ ಅಜ್ಜ ಅದನ್ನು ಗದ್ದೆಗೆ ನುಗ್ಗುವ ಹಂದಿಗಳನ್ನು ಬೆದರಿಸಲು ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಗದ್ದೆ ಚಿಕ್ಕಪ್ಪಂದಿರಿಗೆ ಹೋಯಿತು. ಕೋವಿ ಮಾತ್ರ ಲೈಸೆನ್ಸ್ ವರ್ಗಾವಣೆಯಾಗಿ, ರಬಾಳೆಯ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ತಂದೆಯ ಹೆಸರಿಗೆ ಬಂದು, ನೆರೂಳಿನ ನಮ್ಮ ಎರಡು ಕೋಣೆಯ ಮನೆಯ ಕಬ್ಬಿಣದ ಕಪಾಟಿನಲ್ಲಿ ಮಲಗಿತು. ಈ ಕಾಲದಲ್ಲಿ, ಈ ಊರಿನಲ್ಲಿ ಕೋವಿ ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾನೂ ಕೇಳಿದ್ದೆ. ತಂದೆ ಉತ್ತರಿಸುವ ಬದಲು ಒಂದು ಆದಿತ್ಯವಾರ ನನ್ನನ್ನು ಕ್ಯಾಂಟೀನಿನ ವ್ಯಾನಿನಲ್ಲಿ ಕೂರಿಸಿಕೊಂಡು ನಿಮ್ಮ ಕ್ಲಬ್ಬಿಗೆ ಕರೆತಂದರು.

ಮೊದಲು ನನ್ನ ಕೈಗೆ ಬಂದದ್ದು ಕ್ಲಬ್ಬಿನದೇ ಒಂದು ಪಿಸ್ತೂಲು, ಅದೂ ಬಾಯಿಯಿಂದ ತುಂಬುವಂಥದ್ದು. ನಾನು ಅವಸರದ ಹುಡುಗಿ. ಲೋಕಲ್ ಟ್ರೈನು ನಿಲ್ಲುವ ಮೊದಲೇ ಇಳಿದು ಅಭ್ಯಾಸ. ಆ ಪಿಸ್ತೂಲಿನ ಮುಂದೆ ಅವಸರಕ್ಕೆ ಜಾಗವಿರಲಿಲ್ಲ. ಮದ್ದು ಅಳೆಯುವಾಗ ಮಾತಾಡಬಾರದು, ಗಜ ಒತ್ತುವಾಗ ಮುಖವನ್ನು ನಳಿಗೆಯ ಬಾಯಿಗೆ ತರಬಾರದು, ಕೇಪು ಎಲ್ಲಕ್ಕಿಂತ ಕೊನೆಗೆ. ಕುದುರೆ ಬಿದ್ದು, ಕೇಪು ಸಿಡಿದು, ಒಳಗಿನ ಮದ್ದು ಹತ್ತುವುದರ ನಡುವೆ ಕಣ್ಣು ಮಿಟುಕಿಸುವಷ್ಟು ಸಮಯವಿದೆ; ಅಷ್ಟು ಹೊತ್ತು ಕೈ ಅಲುಗದಂತೆ ಹಿಡಿಯುವುದೇ ವಿದ್ಯೆ. ಆಮೇಲೆ ಬಿಳಿ ಹೊಗೆ ಎದುರಿಗಿನ ಗುಡ್ಡವನ್ನೇ ಮರೆಮಾಡುತ್ತಿತ್ತು. ಗುರಿ ತಾಗಿತೋ ಇಲ್ಲವೋ ತಿಳಿಯಲು ಹೊಗೆ ಕರಗುವವರೆಗೆ ಕಾಯಬೇಕು. ವಿಶ್ವವಿದ್ಯಾಲಯದಲ್ಲಿ ಯಾರೂ ನನಗೆ ಕಾಯುವುದನ್ನು ಕಲಿಸಿರಲಿಲ್ಲ.

ಕರಿಮದ್ದಿನ ಮಸಿ ಗಾಳಿಯ ನೀರನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಹೊಡೆದ ದಿನವೇ ತೊಳೆಯಬೇಕು. ಮನೆಗೆ ಬಂದೊಡನೆ ತಂದೆ ಬಚ್ಚಲಿನಲ್ಲಿ ಕೂತು ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದರು. ಶಾಯಿಯಂಥ ನೀರು ಹರಿಯುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ ಮನೆ ತುಂಬುತ್ತಿತ್ತು. ಕೆಳಗಿನ ಮನೆಯ ಮಾವಶಿ ಒಮ್ಮೆ ಹತ್ತಿಬಂದು, "ಭಾಭಿ, ಅಂಡಾ ಸಡ್ ಗಯಾ ಕ್ಯಾ?" ಎಂದು ಕೊಳೆತ ಮೊಟ್ಟೆಯ ಬಗ್ಗೆ ಕೇಳಿದಾಗ, ಶುದ್ಧ ಸಸ್ಯಾಹಾರಿಯಾದ ಅಮ್ಮ ಮೂರ್ಛೆ ಹೋಗುವುದೊಂದು ಬಾಕಿ. "ಗಂಡ ಅಂದ್ರೆ ಸೆಂಟು ಹಾಕಿಕೊಂಡು ಬರುವವರಿದ್ದಾರೆ. ನಮ್ಮದು ನೋಡಿ, ಗಂಧಕ!" ಎಂದು ಅಮ್ಮ ಅಡುಗೆಮನೆಯಿಂದ ಚುಚ್ಚಿದರೆ, ತಂದೆ ನಳಿಗೆಗೆ ತೆಂಗಿನೆಣ್ಣೆ ಹಚ್ಚುತ್ತಾ, "ಗಂಧ ಮತ್ತೆ ಗಂಧಕ ಒಂದೇ ಮನೆಯವು ಮಾರಾಯ್ತಿ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ನಗು ಇದ್ದ ದಿನಗಳು ಅವು.

ಈಗ ಆ ಮಧ್ಯಾಹ್ನದ ಮಾತು.

ಮಳೆಗಾಲ ಮುಗಿಯುತ್ತಾ ಬಂದಿತ್ತು. ತಂದೆಯ ಬಳಿಯಿದ್ದ ಮದ್ದು ಖರ್ಚಾಗಿ, ಅಂದು ಕ್ಲಬ್ಬಿನ ಡಬ್ಬಿಯಿಂದ ಪಡೆದಿದ್ದರು. ನಿಮ್ಮ ಸ್ಟೋರಿನ ತಗಡಿನ ಮಾಡು ಸೋರುವುದು ಎಲ್ಲ ಸದಸ್ಯರಿಗೂ ಗೊತ್ತು. ತಂದೆ ಈಡು ತುಂಬಿ ಕುದುರೆ ಎಳೆದರು. ಕೇಪು ಟಪ್ಪೆಂದಿತು, ಅಷ್ಟೇ. ನಿಯಮದಂತೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಬಹಳ ಹೊತ್ತು ನಿಂತರು. ಇನ್ನೊಂದು ಕೇಪು. ಮತ್ತೆ ಟಪ್. ಸೂಜಿಯಿಂದ ಕೊಳವೆ ಚುಚ್ಚಿ ನೋಡಿದರು. ಮದ್ದು ತೇವ ಹಿಡಿದಿತ್ತು.

ಇಂಥ ಕೋವಿಯ ಕಷ್ಟ ಓದುಗರಿಗೆ ಗೊತ್ತಿರಲಾರದು. ಬಾಯಿಯಿಂದ ಒಳಗೆ ಹೋದದ್ದು ಹೊಡೆದರೆ ಮಾತ್ರ ಹೊರಬರುತ್ತದೆ. ಇಲ್ಲವಾದರೆ ತುದಿಯಲ್ಲಿ ತಿರುಪು ಇರುವ ಇನ್ನೊಂದು ಗಜವನ್ನು ಸೀಸದ ಗುಂಡಿಗೆ ಕಚ್ಚಿಸಿ ಎಳೆಯಬೇಕು. ಆ ತಿರುಪಿನ ಗಜ ನಮ್ಮಲ್ಲಿರಲಿಲ್ಲ, ಕ್ಲಬ್ಬಿನಲ್ಲಿತ್ತು. ಅಷ್ಟರಲ್ಲಿ ನೀವು ಬಂದಿರಿ. ನಿಮ್ಮ ಹಿಂದೆ ಬಿಳಿ ಬಟ್ಟೆಯ ಅತಿಥಿಗಳು.

"ಅಣ್ಣ, ಲೈನ್ ಖಾಲಿ ಮಾಡಿ. ಗೆಸ್ಟ್ ಬಂದಾಯ್ತು."

"ಒಳಗೆ ಈಡು ಉಂಟು ಮಾರಾಯ್ರೆ. ತಿರುಪಿನ ಗಜ ಕೊಡಿ, ಎಳೆದು ತೆಗೀತೇನೆ. ಸ್ವಲ್ಪ ಹೊತ್ತು."

"ಅದು ಸ್ಟೋರಲ್ಲಿ. ಕೀ ಇದ್ದವ ಊಟಕ್ಕೆ ಹೋಗಿದ್ದಾನೆ, ಯಾವಾಗ ಬರ್ತಾನೋ."

"ಹಾಗಾದ್ರೆ ಕೋವಿ ಇಲ್ಲೇ ಇರ್ಲಿ."

"ಇಲ್ಲಿ ಇಡ್ಲಿಕ್ಕೆ ನಮಗೆ ಪರ್ಮಿಶನ್ ಇಲ್ಲ, ನಿಮಗೆ ಗೊತ್ತುಂಟಲ್ಲ? ಕೇಪಿಲ್ಲದ ಕೋವಿ ಅಂದ್ರೆ ದೊಣ್ಣೆ ಅಣ್ಣ. ಮುಂದಿನ ಆದಿತ್ಯವಾರ ತೆಗೆಯುವಾ."

ನಾನು ನಡುವೆ ಬಾಯಿ ಹಾಕಿದೆ. "ಅಂಕಲ್, ಗುಂಡು ಒಳಗಿರುವಾಗ ಹೀಗೆ ಊರೊಳಗೆ ಒಯ್ಯುವುದು ತಪ್ಪಲ್ವಾ?"

ನೀವು ಅತಿಥಿಗಳ ಕಡೆ ತಿರುಗಿ ನಕ್ಕಿರಿ. "ಇವಳು ಎಂ.ಎ. ಮಾಡಿದ್ದು ಕನ್ನಡದಲ್ಲಿಯಾ, ಕಾನೂನಲ್ಲಿಯಾ?"

ಅವರೂ ನಕ್ಕರು. ನಿಮ್ಮದು ನಮ್ಮ ಊರಿನ ಕಡೆಯೇ. ತಂದೆ ನಿಮ್ಮ ಮಾತಿಗೆ ಬೆಲೆ ಕೊಟ್ಟದ್ದೂ ಅದಕ್ಕೇ. ಕೇಪು ತೆಗೆದು, ಕುದುರೆಯ ಕೆಳಗೆ ಚರ್ಮದ ತುಂಡಿಟ್ಟು, ಈಡು ಇದೆ ಎಂಬ ಗುರುತಿಗೆ ಕೆಂಪು ಬಟ್ಟೆ ಕಟ್ಟಿ, ಕೋವಿಯನ್ನು ಚೀಲಕ್ಕೆ ಸೇರಿಸಿದರು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಅವರು ಒಮ್ಮೆಯೂ ಹಾರ್ನ್ ಒತ್ತಲಿಲ್ಲ. ಡೊಂಬಿವಲಿಯ ಬಳಿ ಯಾವಾಗಲೂ ನಿಲ್ಲಿಸುತ್ತಿದ್ದ ವಡಾಪಾವ್ ಗಾಡಿಯ ಎದುರೂ ನಿಲ್ಲಿಸಲಿಲ್ಲ.

ಮುಂದಿನ ಆದಿತ್ಯವಾರ ಬರುವ ಮೊದಲೇ ಚುನಾವಣೆ ಘೋಷಣೆಯಾಯಿತು. ಲೈಸೆನ್ಸ್ ಇದ್ದವರು ತಮ್ಮ ಆಯುಧಗಳನ್ನು ಠಾಣೆಯಲ್ಲಿ ಜಮಾ ಮಾಡಬೇಕು. ಪ್ರತಿ ಚುನಾವಣೆಗೂ ಇದ್ದದ್ದೇ. ಕ್ಲಬ್ಬು ಮುಚ್ಚಿತು. ತಂದೆ ನಿಮಗೆ ಫೋನ್ ಮಾಡಿದರು. ಮತ್ತೆ ಮಾಡಿದರು. ನಿಮ್ಮ ಫೋನಿನ ಕಾಲರ್ ಟ್ಯೂನಿನ ಭಜನೆ ನಮ್ಮ ಮನೆಯವರಿಗೆಲ್ಲ ಬಾಯಿಪಾಠವಾಯಿತು. ಮನೆಯಲ್ಲಿ ಹೊಡೆದು ಖಾಲಿ ಮಾಡುವಂತಿಲ್ಲ, ಅದೂ ಅಪರಾಧ. ತಿರುಪಿನ ಗಜ ನಿಮ್ಮ ಬೀಗದೊಳಗೆ.

ಠಾಣೆಗೆ ಕೊಡಬೇಕಾದ ದಿನ ಬೆಳಿಗ್ಗೆ ತಂದೆ ಬಚ್ಚಲಿನಲ್ಲಿ ಕೂತು ನಳಿಗೆಗೆ ಬಾಯಿಮಟ್ಟ ನೀರು ತುಂಬಿದರು, ಹಿಂಬದಿಯ ಕೊಳವೆಯಿಂದಲೂ ಹನಿಸಿದರು. ಒದ್ದೆಯಾದ ಮದ್ದು ಹತ್ತುವುದಿಲ್ಲ. ಆದರೆ ಒದ್ದೆ ಮದ್ದು ಒಳಗೇ ಉಳಿದರೆ ಕಬ್ಬಿಣದ ಗತಿ ಏನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿ ಯಾರೂ ಇರಲಿಲ್ಲ.

"ಅಪ್ಪ, ತುಕ್ಕು ತಿಂದುಹಾಕ್ತದೆ."

"ತಿನ್ಲಿ. ಠಾಣೆಯಲ್ಲಿ ಯಾರೋ ಪಾಪದವರು ಆಟಕ್ಕೆ ಕುದುರೆ ಎಳೆದು ನೋಡಿದ್ರೆ ಎಂತ ಮಾಡುವುದು?"

ಅಜ್ಜನ ಕೋವಿಯನ್ನು, ಗುರುತಿಲ್ಲದ ಯಾರದೋ ಕೈ ಉಳಿಯಲೆಂದು, ತಂದೆ ತಾವೇ ಹಾಳುಮಾಡಿದರು. ಅದನ್ನು ಮಾಡುವಾಗ ಅವರ ಮುಖವನ್ನು ನಾನು ನೋಡಿದ್ದೇನೆ. ನೀವು ನೋಡಿಲ್ಲ.

ಠಾಣೆಯ ಟೇಬಲ್ಲಿನ ಹಿಂದೆ ಇದ್ದ ಹವಾಲ್ದಾರರು ಅಕ್ಕಲಕೋಟೆ ಕಡೆಯವರು. ನಮ್ಮ ಮಾತು ಕೇಳಿ ಕನ್ನಡಕ್ಕೆ ಇಳಿದರು. ತಂದೆ ಕೋವಿಯನ್ನು ಟೇಬಲ್ಲಿನ ಮೇಲಿಟ್ಟು, ಯಾರೂ ಕೇಳುವ ಮೊದಲೇ ಹೇಳಿದರು: "ಒಳಗೆ ಈಡು ಉಂಟು ಸಾರ್. ನೀರು ಹಾಕಿ ಕೊಂದಿದ್ದೇನೆ, ಹತ್ತುವುದಿಲ್ಲ. ಆದ್ರೆ ಗುಂಡು ಹೊರಗೆ ಬಂದಿಲ್ಲ."

ಹವಾಲ್ದಾರರು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡರು. "ಯಪ್ಪಾ! ತುಂಬಿದ ಬಂದೂಕ ತಗೊಂಡು ಠಾಣಾಕ್ಕ ಬಂದೀರಲ್ರೀ! ಸುಮ್ನ ಇಟ್ಟು ಹೋಗಿದ್ರ ಯಾರಿಗಿ ಗೊತ್ತಾಗ್ತಿತ್ತು?"

"ಅದಕ್ಕೇ ಹೇಳಿದ್ದು" ಎಂದರು ತಂದೆ.

ಒಳಕೋಣೆಯಿಂದ ಠಾಣಾಧಿಕಾರಿ ಸಾಹೇಬರು ಹೊರಬಂದರು. ಅವರ ಮೇಲೆ ನನಗೆ ದೂರಿಲ್ಲ. ಅವರು ನಮಗೆ ಒಂದು ಬಾಗಿಲು ತೆರೆದೇ ಇಟ್ಟರು. ಕ್ಲಬ್ಬಿನಲ್ಲಿ ಈಡು ಹತ್ತದೆ ಉಳಿಯಿತು, ತೆಗೆಯುವ ಸಾಧನ ಅಲ್ಲಿ ಸಿಗಲಿಲ್ಲ ಎಂದು ಕ್ಲಬ್ಬಿನವರು ಹೇಳಿದರೆ ಸಾಕು, ವಿಷಯ ಬೇರೆಯಾಗುತ್ತದೆ ಎಂದರು. ಹವಾಲ್ದಾರರೇ ನಿಮಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಠಾಣೆಯ ನಂಬರಿಗೆ ನಿಮ್ಮ ಭಜನೆ ಬೇಗ ನಿಂತಿತು.

"ನಹೀಂ ಸಾಹೇಬ್, ಹಮಾರೇ ಯಹಾಂ ಸೇ ಲೋಡೆಡ್ ವೆಪನ್ ಬಾಹರ್ ಜಾತಾ ಹೀ ನಹೀಂ" ಎಂದು ಹಿಂದಿಯಲ್ಲಿ ಹೇಳಿದಿರಿ; ತುಂಬಿದ ಕೋವಿ ನಿಮ್ಮಲ್ಲಿಂದ ಹೊರಗೆ ಹೋಗುವುದೇ ಇಲ್ಲವಂತೆ. ಅಂದು ಅವರು ಗುಂಡು ಹೊಡೆದು ಖಾಲಿ ಕೋವಿಯನ್ನೇ ಒಯ್ದರು, ಆಮೇಲೆ ಮನೆಯಲ್ಲಿ ಏನು ತುಂಬಿಕೊಂಡರೋ ನಮಗೆ ಗೊತ್ತಿಲ್ಲ ಎಂದೂ ಸೇರಿಸಿದಿರಿ. ತಂದೆ ಫೋನಿನತ್ತ ಬಾಗಿ, ತುಳುವಿನಲ್ಲಿ ನಿಮ್ಮನ್ನು ಒಂದೇ ಒಂದು ಸಲ ಕರೆದರು. ನೀವು ಫೋನ್ ಇಟ್ಟಿರಿ.

ಮೊಕದ್ದಮೆ ದಾಖಲಾಯಿತು. ಲೈಸೆನ್ಸ್ ಅಮಾನತಾಯಿತು. ಕೋವಿಗೆ ಅರಗಿನ ಮುದ್ರೆ ಬಿದ್ದು ಅದು ಪುರಾವೆಗಳನ್ನು ಇಡುವ ಮುದ್ದೆಮಾಲಿನ ಕೋಣೆ ಸೇರಿತು. ತಂದೆ ಒಮ್ಮೆ ಸಣ್ಣ ಬಾಟಲಿಯಲ್ಲಿ ತೆಂಗಿನೆಣ್ಣೆ ಹಿಡಿದುಕೊಂಡು ಠಾಣೆಗೆ ಹೋಗಿ, ನಳಿಗೆಯೊಳಗೆ ಸ್ವಲ್ಪ ಸುರಿಯಲು ಬಿಡಿ ಎಂದು ಬೇಡಿದರು. ಪುರಾವೆಯನ್ನು ಯಾರೂ ಮುಟ್ಟುವಂತಿಲ್ಲ. ಬಾಟಲಿಯನ್ನು ಹಾಗೇ ವಾಪಸು ತಂದರು. ಆಯುಧಪೂಜೆಯ ದಿನ ಅಮ್ಮ ಮಿಕ್ಸರಿಗೂ ಸ್ಕೂಟರಿಗೂ ಕುಂಕುಮ ಹಚ್ಚಿ, ಕಪಾಟಿನ ಎದುರು ಬಂದು ನಿಂತು, ಕುಂಕುಮದ ಬಟ್ಟಲನ್ನು ಮುಚ್ಚಿ ಒಳಗೆ ಹೋದರು. ಕಾರ್ಖಾನೆಯ ಮಾಲೀಕರ ಕಡೆಯವರು ಈಗ ತಂದೆಯನ್ನು "ಗನ್‌ವಾಲೆ ಅಂಕಲ್" ಎಂದು ಕರೆಯುತ್ತಾರೆ. ಮೊದಲು ತಮಾಷೆಯಾಗಿತ್ತು. ಗುತ್ತಿಗೆ ನವೀಕರಣದ ಮಾತು ಬಂದಾಗ ತಮಾಷೆಯಾಗಿ ಉಳಿಯಲಿಲ್ಲ.

ಆಮೇಲೆ ಒಮ್ಮೆ ಡೊಂಬಿವಲಿಯ ಸಭಾಂಗಣವೊಂದರಲ್ಲಿ ನಮ್ಮ ಊರ ಕಡೆಯವರೊಬ್ಬರ ಮದುವೆ. ಊಟದ ಪಂಕ್ತಿಗೆ ಕೂರುವ ಹೊತ್ತಿಗೆ ನೀವು ಬಂದು ತಂದೆಯ ಹೆಗಲ ಮೇಲೆ ಕೈ ಹಾಕಿದಿರಿ.

"ಎಂತ ಅಣ್ಣ, ಬೇಜಾರಾ? ನಾನು ಹೌದು ಅಂದಿದ್ರೆ ಕ್ಲಬ್ಬೇ ಬಂದ್ ಆಗ್ತಿತ್ತು. ಅದು ನೂರು ಜನರದ್ದು."

"ನನ್ನ ಹೆಸರು ಒಬ್ಬನದ್ದು. ಅದಕ್ಕೆ ತುಳಿಯಬಹುದಾ?"

"ಛೆ ಛೆ, ಹಾಗಲ್ಲ. ನೀವು ಸುಳ್ಳು ಹೇಳುವವರಲ್ಲ ಅಂತ ನನಗೆ ಗೊತ್ತುಂಟಲ್ಲ?"

"ನಿಮಗೆ ಗೊತ್ತಿದ್ದು ಎಂತ ಪ್ರಯೋಜನ? ಅವರಿಗೆ ಹೇಳಿ."

ನೀವು ಎಲೆಯತ್ತ ಕೈ ತೋರಿಸಿ, "ಮೊದಲು ಕೂತ್ಕೊಳ್ಳಿ, ಪಾಯಸ ತಣಿತದೆ" ಎಂದಿರಿ. ನಮ್ಮಲ್ಲಿ ಮದುವೆಮನೆಯಿಂದ ಉಣ್ಣದೆ ಎದ್ದು ಬಂದರೆ ಮನೆಯವರಿಗೆ ಅವಮಾನ. ಜನ್ಮದಲ್ಲಿ ಯಾರನ್ನೂ ಅವಮಾನಿಸದ ನನ್ನ ತಂದೆ ಅಂದು ಚಪ್ಪಲಿ ಹುಡುಕಿಕೊಂಡು ಹೊರಟರು. ರಿಕ್ಷಾ ಹಿಡಿದು ಸ್ಟೇಷನ್ ತಲುಪಿದೆವು. ಪ್ಲಾಟ್‌ಫಾರ್ಮಿನಲ್ಲಿ ನಿಂತು, "ನಾನು ಸುಮ್ಮನೆ ಇಟ್ಟು ಬರಬೇಕಿತ್ತಾ?" ಎಂದು ನನ್ನನ್ನು ಕೇಳಿದರು. ಅರವತ್ತು ದಾಟಿದ ಮನುಷ್ಯ, ಸತ್ಯ ಹೇಳಿದ್ದು ತಪ್ಪಾಯಿತೇ ಎಂದು ಮಗಳನ್ನು ಕೇಳುವಂತೆ ಮಾಡಿದ್ದೀರಿ. ಕೋವಿಗೆ ಹಿಡಿದ ತುಕ್ಕಿಗಿಂತ ನನಗೆ ಈ ಪ್ರಶ್ನೆಯ ಭಯ ಹೆಚ್ಚು.

ವಿಚಾರಣೆ ಹತ್ತಿರ ಬಂದಿದೆ. ತೀರ್ಪು ವಿರುದ್ಧವಾದರೆ ಲೈಸೆನ್ಸ್ ರದ್ದಾಗುತ್ತದೆ, ಕೋವಿಯನ್ನು ನಾಶಪಡಿಸುವ ಆದೇಶ ಬರಬಹುದು, ನನ್ನ ತಂದೆ ಶಿಕ್ಷೆಗೊಳಗಾದವರೆನಿಸಿಕೊಳ್ಳುತ್ತಾರೆ. ನೀವು ಅದೇ ಬಿಳಿ ಬಟ್ಟೆಯವರಿಗೆ ಕುರ್ಚಿ ಹಾಕುತ್ತಿರುತ್ತೀರಿ.

ಆದ್ದರಿಂದ ಕ್ಲಬ್ಬಿನ ಕಾರ್ಯದರ್ಶಿಗಳಲ್ಲಿಯೂ ಸಮಿತಿಯ ಪ್ರತಿಯೊಬ್ಬ ಸದಸ್ಯರಲ್ಲಿಯೂ ನನ್ನ ಔಪಚಾರಿಕ ಕೋರಿಕೆ ಇದು. ಆ ಮಧ್ಯಾಹ್ನ ನಿಮ್ಮ ಮೈದಾನದಲ್ಲಿ ಈಡು ಹತ್ತದೆ ಉಳಿಯಿತೇ, ಅದನ್ನು ತೆಗೆಯಲು ನನ್ನ ತಂದೆ ತಿರುಪಿನ ಗಜ ಕೇಳಿದರೇ, ನೀವು ಕೊಡಲು ನಿರಾಕರಿಸಿದಿರೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂದು ನಿಮ್ಮ ಸಹಿಯೊಂದಿಗೆ ಉತ್ತರಿಸಿರಿ. ಹೌದು ಎಂದಾದಲ್ಲಿ ಮುಂದಿನ ವಿಚಾರಣೆಯ ದಿನ ನ್ಯಾಯಾಲಯಕ್ಕೆ ಖುದ್ದಾಗಿ ಬಂದು ಹಾಗೆಂದು ಹೇಳಿರಿ. ಸೋರುವ ಸ್ಟೋರಿನಲ್ಲಿ ಮದ್ದು ಇಡುವುದನ್ನು ಇಂದೇ ನಿಲ್ಲಿಸಿರಿ. ಇಲ್ಲ ಎಂದಾದಲ್ಲಿ, ಆ ಮಾತನ್ನು ನನ್ನ ತಂದೆಯ ಎದುರು ನಿಂತು, ನಮ್ಮ ಭಾಷೆಯಲ್ಲಿಯೇ ಹೇಳಬೇಕೆಂದು ವಿನಂತಿಸುತ್ತೇನೆ.