ಪೂಜೆಗೆ ಕುಳಿತ ಹತ್ತಿ ಮಿಲ್ಲು

ನನ್ನ ಸೋದರಮಾವನ ಮದುವೆ ಕುದುರಿದ್ದು ಒಂದು ಆಟಿಕೆ ರೈಲಿನಿಂದ ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಅತ್ತೆ, ಅಂದರೆ ಆ ಮದುವೆಯ ಮದುಮಗಳು, ಅದನ್ನು ಒಪ್ಪುವುದಿಲ್ಲ. ಹೋಳಿಗೆಯಿಂದ ಕುದುರಿತು ಎನ್ನುತ್ತಾರೆ. ಮಾತು ಕುದುರಿದ ದಿನ ಅವರು ನಮ್ಮೂರು ಆದೋನಿಯಲ್ಲೇ ಇರಲಿಲ್ಲ, ನಾನಿದ್ದೆ. ಆದರೂ ಇತ್ತೀಚೆಗೆ ಅವರ ಮಾತೇ ನಿಜವಿರಬಹುದೇ ಎಂಬ ಅನುಮಾನ ನನಗೆ ಹತ್ತಿದೆ. ಕಾಲೇಜಿನಲ್ಲಿ ತರ್ಕ ಓದಿದವರ ಕಾಯಿಲೆ ಇದು. ಮೊದಲು ಪರರ ಮಾತನ್ನು ನಂಬುವುದು ಬಿಡುತ್ತೇವೆ, ಆಮೇಲೆ ನಮ್ಮದನ್ನೂ.

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಬಿ.ಎ. ಮುಗಿಸಿ ಮದರಾಸಿನಿಂದ ಊರಿಗೆ ಬರುವಾಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಕೀಲಿ ಕೊಡುವ ಒಂದು ಎಂಜಿನ್ನು, ಎರಡು ಡಬ್ಬಿ, ಗುಂಡಗೆ ಜೋಡಿಸುವ ಹಳಿ ಕೊಂಡಿದ್ದೆ. ಜೊತೆಗೆ ಯಾರೋ ಇಂಗ್ಲಿಷ್ ದೊರೆಯ ಮಗ ಬಿಚ್ಚದೆ ಬಿಟ್ಟ ಒಂದು ಪೆಟ್ಟಿಗೆಯೂ ಇತ್ತು. ಅದರೊಳಗೆ ಇಟ್ಟಿಗೆ ಚಿತ್ರ ಅಚ್ಚಾದ ರಟ್ಟುಗಳು, ಕಟ್ಟಿಗೆಯ ಪಟ್ಟಿಗಳು, ಒಂದು ತಗಡಿನ ಚಿಮಣಿ. ಕತ್ತರಿಸಿ ಅಂಟಿಸಿದರೆ ರೈಲಿನ ಪಕ್ಕದಲ್ಲಿಡಲು ಒಂದು ಕಾರ್ಖಾನೆಯಾಗಬೇಕು. ನನಗೆ ಅಂಟಿಸುವ ತಾಳ್ಮೆ ಎಲ್ಲಿತ್ತು? ಮೊದಲ ಗೋಡೆಗೇ ಬೇಸರ ಬಂತು. ಪೆಟ್ಟಿಗೆ ಮಾವನ ಕೈಗೆ ಹೋಯಿತು.

ಮಾವ ಊರಿನ ಹತ್ತಿ ಮಿಲ್ಲಿನಲ್ಲಿ ಗುಮಾಸ್ತ. ನಮ್ಮಪ್ಪ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದು ನಿಂತವನು, ನನ್ನನ್ನು ಓದಿಸುತ್ತ ತನ್ನ ಮದುವೆಯ ವಯಸ್ಸನ್ನು ಮರೆತಿದ್ದ. ಅವನು ಮುಚ್ಚಳದ ಮೇಲಿನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದ್ಯಾವ ಮಿಲ್ಲಲೇ? ಚಾವಣಿ ಇಷ್ಟು ಚೂಪು ಯಾಕ?"

"ಅವರ ದೇಶದಾಗ ಹಿಮ ಬೀಳ್ತೈತಿ ಮಾವಾ. ಜಾರಿ ಹೋಗಲಿ ಅಂತ."

"ಆದೋನ್ಯಾಗ ಬಿಸಿಲು ಜಾರಿ ಹೋಗಾಕ ಎಂಥ ಚಾವಣಿ ಹಾಕಬೇಕು? ಅದನ್ನ ಕಲಿಸ್ಯಾರೇನು ನಿಮ್ಮ ಕಾಲೇಜಿನ್ಯಾಗ?"

ಅಲ್ಲಿಂದ ದೊರೆಗಳ ಕಾರ್ಖಾನೆ ದಿನದಿನಕ್ಕೂ ಆದೋನಿಯದಾಗುತ್ತ ಬಂತು. ಗೋಡೆಗಳನ್ನು ಕೊಯ್ದು ಗಿಡ್ಡ ಮಾಡಿದ. ಸಾಲು ಕಿಟಕಿಗಳನ್ನು ಮುಚ್ಚಿ, ಗಾಳಿಗೆ ಹತ್ತಿ ಹಾರದಂತೆ ಮೇಲೆ ಸಣ್ಣ ಗವಾಕ್ಷಿಗಳನ್ನು ಬಿಟ್ಟ. ಸಿಗರೇಟು ಪಾಕೀಟಿನ ಬೆಳ್ಳಿ ಕಾಗದವನ್ನು ಹಣಿಗೆಯ ಹಲ್ಲಿನ ಮೇಲೆ ಒತ್ತಿ ಸುಕ್ಕುತಗಡಿನ ಚಾವಣಿ ಮಾಡಿದ. ಹಣಿಗೆ ಅಮ್ಮನದು ಎಂದು ನನ್ನ ನೆನಪು. ನಿನ್ನದೇ ಎಂದು ಅಮ್ಮ ಕೊನೆಯವರೆಗೂ ವಾದಿಸಿದಳು. ಜಾಲಿಯ ಗೋಂದು ಅಂಟಾಯಿತು, ಗೋಣಿಯ ಚೂರುಗಳು ಹತ್ತಿಯನ್ನು ಒತ್ತಿ ಕಟ್ಟಿದ ಬೇಲುಗಳಾದವು. ಹುಣಸೆ ಬೀಜಗಳಿಗೆ ಸೀರೆಯ ಚಿಂದಿ ಸುತ್ತಿ, ಹತ್ತಿ ಆರಿಸುವ ಹೆಂಗಸರನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿದ. ಚಿಮಣಿಗೆ ದೀಪದ ಮಸಿ ಹಿಡಿಸಿದ.

ಇದರ ನಡುವೆ ಒಂದು ಸಂಬಂಧ ತಪ್ಪಿಹೋಯಿತು. ಹೆಣ್ಣಿನ ತಂದೆ ಹೇಳದೆ ಬಂದಾಗ ಗಂಡು ಪಡಸಾಲೆಯಲ್ಲಿ ಬೋರಲು ಮಲಗಿ, ತಲೆಯ ತುಂಬ ಹತ್ತಿ ಮೆತ್ತಿಕೊಂಡು, ಹುಣಸೆ ಬೀಜಕ್ಕೆ ಸೀರೆ ಉಡಿಸುತ್ತಿದ್ದ. ಬಂದವರು ಕಾಫಿಯನ್ನೂ ಮುಗಿಸಲಿಲ್ಲ.

ಆದ್ದರಿಂದ ಮುಂದಿನ ಸಂಬಂಧದ ಹೊತ್ತಿಗೆ ಅಮ್ಮ ಕಟ್ಟುನಿಟ್ಟಾದಳು. ಹೆಣ್ಣಿನ ತಂದೆ ನಮ್ಮೂರ ರೈಲು ಲೈನಿನ ಒಂದು ಸಣ್ಣ ಸ್ಟೇಷನ್ನಿನ ಮಾಸ್ತರರು. ಅವರಿಗೆ ರಜೆ ಸಿಕ್ಕಿದ್ದು ಮಹಾನವಮಿಯ ಒಂದೇ ದಿನ, ಮರುದಿನ ಮುಂಜಾನೆಯ ಪ್ಯಾಸೆಂಜರಿಗೆ ಹಿಂದಿರುಗಬೇಕು.

"ತಮ್ಮಾ, ಈ ಸಂಬಂಧನೂ ತಪ್ಪಿದ್ರ ನಿನಗ ಮತ್ತ ಯಾರೂ ಹೆಣ್ಣು ಕೊಡಂಗಿಲ್ಲ. ಆ ಮಿಲ್ಲು ಅವರ ಕಣ್ಣಿಗೆ ಬೀಳಬಾರದು ನೋಡು," ಎಂದಳು.

ಮಾವ ಅದನ್ನು ಬಚ್ಚಿಡಲು ಜಾಗ ಹುಡುಕಿದ. ಟ್ರಂಕಿನಲ್ಲಿಡಲು ಚಿಮಣಿ ಅಡ್ಡ ಬಂತು. ಅಟ್ಟದಲ್ಲಿ ಇಲಿ. ಕೊನೆಗೆ ಹಿಂದಿನ ದಿನವೇ ಎಲ್ಲವನ್ನೂ ದೇವರ ಮನೆಯ ಮೂಲೆಗೆ ಸರಿಸಿ ಮೇಲೊಂದು ಪಂಚೆ ಹೊದಿಸಿದೆವು. ಹೆಣ್ಣಿನವರು ಪಡಸಾಲೆಯಲ್ಲಿ ಕುಳಿತು ಎದ್ದು ಹೋಗುವವರು, ಒಳಗೆ ಯಾಕೆ ಬರುತ್ತಾರೆ ಎಂದು ಮೂವರೂ ಒಪ್ಪಿದೆವು. ನಾಳೆ ಆಯುಧಪೂಜೆ ಎಂಬುದೂ ಮೂವರಿಗೂ ಗೊತ್ತಿತ್ತು.

ಬೆಳಿಗ್ಗೆ ಹೊಳಗುಂದದಿಂದ ಅಜ್ಜಿ, ಮಾವನ ತಾಯಿ, ಹಬ್ಬಕ್ಕೆ ಬಂದಳು. ನಾವು ತೋರಣ ಕಟ್ಟುವಷ್ಟರಲ್ಲಿ ಈಳಿಗೆ, ಕತ್ತರಿ, ಮಾವನ ಪೆನ್ನು ಎಲ್ಲವನ್ನೂ ದೇವರ ಮುಂದೆ ಜೋಡಿಸಿದ್ದಳು. ಪಂಚೆ ಎತ್ತಿ ನೋಡಿ, ಇದೂ ಪೂಜೆಗೇ ಇಟ್ಟದ್ದು ಎಂದುಕೊಂಡಳು. ಎಂಜಿನ್ನಿಗೆ ವಿಭೂತಿ, ಚಿಮಣಿಗೆ ಚೆಂಡುಹೂವಿನ ಹಾರ, ಹುಣಸೆ ಬೀಜದ ಒಬ್ಬೊಬ್ಬ ಹೆಂಗಸಿಗೂ ಕುಂಕುಮ.

ಸಂಜೆ ಮಾಸ್ತರರು ಬಂದರು. ಅಮ್ಮ ಚಾಪೆ ಹಾಸುವ ಮೊದಲೇ ಅಜ್ಜಿ ಬಾಗಿಲಿಗೆ ಹೋಗಿ, "ಹಬ್ಬದ ದಿನ ಬಂದೀರಿ. ಮೊದಲ ದೇವರಿಗೆ ಕೈ ಮುಗೀಬರ್ರಿ," ಎಂದು ನೆಟ್ಟಗೆ ಒಳಗೆ ಕರೆದುಕೊಂಡು ನಡೆದಳು. ಅಮ್ಮ ಹಿಂದಿನಿಂದ ಮಾಡಿದ ಕೈಸನ್ನೆಯನ್ನು ಅಜ್ಜಿ ಕಾಣಲಿಲ್ಲ.

ಮಾಸ್ತರರು ಕಣ್ಣು ಮುಚ್ಚಿ ಕೈ ಮುಗಿದರು. ಕಣ್ಣು ತೆರೆದಾಗ ಹಾರ ಹಾಕಿಕೊಂಡ ಚಿಮಣಿ ಎದುರಿಗಿತ್ತು.

"ಇದೇನ್ರಿ?"

"ನನ್ನ ಮಗಂದು ಮಿಲ್ಲುರಿ," ಎಂದಳು ಅಜ್ಜಿ.

"ಅಲ್ಲರಿ, ಅಲ್ಲ," ಅಮ್ಮ ಸೆರಗು ಸರಿಮಾಡಿಕೊಂಡು ನನ್ನತ್ತ ಕೈ ತೋರಿದಳು. "ಈ ಹುಚ್ಚಪ್ಪ ಮದರಾಸಿನಿಂದ ತಂದಾನ. ಓದಿದ ಹುಡುಗರ ಆಟ."

ಹೌದೆಂದುಬಿಡಲು ನಾನು ಸಿದ್ಧನಾಗಿದ್ದೆ. ಹುಚ್ಚಪ್ಪನಾಗುವುದರಿಂದ ನನಗೇನೂ ನಷ್ಟವಿರಲಿಲ್ಲ. ಮಾವ ಸುಮ್ಮನಿದ್ದಿದ್ದರೆ ಸಾಕಿತ್ತು.

"ತಂದಾವ ಅವನರಿ," ಎಂದ ಮಾವ. "ಮಾಡಿದಾವ ನಾನು."

ಅಮ್ಮ ಗೋಡೆಗೆ ಒರಗಿದಳು. ಮಾಸ್ತರರು ಮೊಣಕಾಲೂರಿ ಬಗ್ಗಿದರು. ಗೋಣಿಯ ಬೇಲುಗಳನ್ನು ಒಂದೊಂದಾಗಿ ನೋಡಿದರು.

"ಬೇಲು ತಯಾರಾಗ್ಯಾವ. ಹೊರಗ ಹ್ಯಾಂಗ ಹೋಗ್ತಾವ? ಮಾಲು ತುಂಬಾಕ ಗಾಡಿ ಪಕ್ಕಕ್ಕ ನಿಲ್ಲೋ ಸೈಡಿಂಗ್ ಎಲ್ಲೈತ್ರಿ?"

"ಇಲ್ಲರಿ. ಇದ್ದದ್ದು ಇಷ್ಟ ಹಳಿ."

"ಮತ್ತ ಗಾಡಿ ಎಲ್ಲಿ ನಿಲ್ತೈತಿ?"

"ಕೀಲಿ ತೀರಿದಲ್ಲಿ ನಿಲ್ತೈತ್ರಿ."

"ಅಂದ್ರ ಎಲ್ಲಿ?"

"ಅದು ಅದರ ಮನಸ್ಸುರಿ."

ಮಾಸ್ತರರು ಗಹಗಹಿಸಿ ನಕ್ಕರು. "ಬಾಗುಂದಯ್ಯಾ! ಭಾಳ ಚಲೋ ಐತಿ! ನಮ್ಮ ಲೈನಿನ ಗಾಡಿನೂ ಹಂಗ. ಓಡಸ್ರಿ, ನೋಡಾನ."

ಮಾವ ಕೀಲಿಗೆ ಕೈ ಹಾಕಿದ್ದೇ ತಡ, ಅಜ್ಜಿ ಗದರಿದಳು. "ಪೂಜಿಗೆ ಕುಂತದ್ದನ್ನ ಎಬ್ಬಸ್ತಿಯೇನಲೇ? ನಾಳೆ ಮಂಗಳಾರತಿ ಆದಮ್ಯಾಲ."

"ನಾಳೆ ನಾನು ಮುಂಜಾನಿ ಪ್ಯಾಸೆಂಜರ್ ಹಿಡೀಬೇಕಮ್ಮಾ."

"ಗಾಡಿ ನಿಮ್ಮದ ಅಲ್ಲೇನ್ರಿ? ನಿಲ್ಲಸ್ರಿ."

ಮಾಸ್ತರರು ಆ ರಾತ್ರಿ ನಮ್ಮಲ್ಲೇ ಉಳಿದರು. ಮರುದಿನ ಅಜ್ಜಿ ಯಾರಿಗಾಗಿಯೂ ಅವಸರಪಡಲಿಲ್ಲ. ಮಂಗಳಾರತಿ ಮುಗಿದು, ಪೂಜೆಗಿಟ್ಟದ್ದನ್ನೆಲ್ಲ ಕದಲಿಸಿ, ಮಾವ ಕೀಲಿ ತಿರುಗಿಸಿದ. ಎಂಜಿನ್ನು ವಿಭೂತಿ ಉದುರಿಸುತ್ತ ಮಿಲ್ಲಿನ ಸುತ್ತ ಹೊರಟಿತು. ಅದೇ ಕ್ಷಣ ದೂರದ ಸ್ಟೇಷನ್ನಿನಿಂದ ಪ್ಯಾಸೆಂಜರಿನ ಸಿಳ್ಳೆ ಕೇಳಿಸಿತು, ಮಾಸ್ತರರು ಗಡಿಯಾರ ನೋಡಿ ಅದನ್ನು ಮತ್ತೆ ಜೇಬಿಗಿಳಿಸಿ ಕುಳಿತೇ ಇದ್ದರು. ನನ್ನ ನೆನಪಿನಲ್ಲಿ ಇದು ಹೀಗೇ ಇದೆ. ಇಷ್ಟು ಚೆನ್ನಾಗಿ ಕೂಡಿಬಂದಿದೆ ಎಂಬ ಕಾರಣಕ್ಕೇ ನಾನು ಅದನ್ನು ನಂಬುವುದಿಲ್ಲ. ಅವರು ಮಧ್ಯಾಹ್ನದ ಗೂಡ್ಸಿನಲ್ಲಿ ಗಾರ್ಡಿನ ಪಕ್ಕ ಕುಳಿತು ಹೋದದ್ದು ಮಾತ್ರ ನಿಜ. ಅದಕ್ಕೆ ಅತ್ತೆಯ ಸಾಕ್ಷಿಯೂ ಇದೆ.

"ಅಪ್ಪ ಗಾಡಿ ತಪ್ಪಿಸಿಕೊಂಡದ್ದು ನಿಮ್ಮಮ್ಮನ ಹೋಳಗಿ ಸಲುವಾಗಿ," ಎನ್ನುತ್ತಾರೆ ಅವರು. "ಮನಿಗೆ ಬಂದು ಮೊದಲ ಹೇಳಿದ್ದು ಅದನ್ನ."

"ಹುಡುಗನ ಬಗ್ಗೆ ಏನೂ ಅನ್ನಲಿಲ್ಲೇನತ್ತಿ?"

"ಅಂದ. ಹುಡುಗ ಸುಳ್ಳು ಹೇಳಂಗಿಲ್ಲ, ಆದ್ರ ಸೈಡಿಂಗ್ ಹಾಕಿಲ್ಲ ಅಂದ."

ಮದುವೆಯಲ್ಲಿ ಹೆಣ್ಣಿನ ಪಾತ್ರೆ ಪಗಡದ ಜೊತೆ ಗೇಣುದ್ದದ ಒಂದು ಕಟ್ಟಿಗೆಯ ಕೈಮರ ಬಂತು, ಸ್ಟೇಷನ್ನಿನ ಸಿಗ್ನಲ್ಲಿನಂತೆ ಕೈ ಅಡ್ಡವಿದ್ದರೆ ಗಾಡಿ ನಿಲ್ಲಬೇಕು, ತಂತಿ ಎಳೆದು ಇಳಿಸಿದರೆ ಹೊರಡಬಹುದು. ಅದನ್ನು ಮಾಸ್ತರರು ಯಾವುದೋ ಬಡಗಿಯಿಂದ ಮಾಡಿಸಿದರೆಂದು ನಾನು ತಿಳಿದಿದ್ದೆ. ಕೆತ್ತಿದ್ದು ತನ್ನಪ್ಪನೇ, ಕೆಂಪು ಬಣ್ಣ ಹಚ್ಚಿದ್ದು ತಾನು ಎಂದು ಅತ್ತೆ ಮೊನ್ನೆ ಹೇಳಿದರು. ಸೈಡಿಂಗ್ ಇಂದಿಗೂ ಇಲ್ಲ. ಆದರೆ ಪ್ರತಿ ನವಮಿಗೂ ಅತ್ತೆ ಮಿಲ್ಲಿಗೆ ಹೂವೇರಿಸಿ ಕೈಮರದ ಕೈ ಅಡ್ಡ ಮಾಡುತ್ತಾರೆ. ಮರುದಿನ ಮಂಗಳಾರತಿಯಾದ ಮೇಲೆ ತಂತಿ ಎಳೆದು, ಕೈ ಇಳಿಸಿ, ಮಾವನ ಮುಖ ನೋಡುತ್ತಾರೆ. ಅಲ್ಲಿಯವರೆಗೆ ಮಾವ ಕೀಲಿ ಮುಟ್ಟುವುದಿಲ್ಲ.