ಭಜ್ಜಿಗೆ ಮೊದಲೇ ಹಾಕಿಸಿದ ಹುಳಿ

ಎಳ್ಳಮಾವಾಸ್ಯೆಯ ಕಾಳು-ಸೊಪ್ಪಿನ ಭಜ್ಜಿ ಕೆಡಲಿ ಎಂದು ನಾನು ಬೇಕಂತಲೇ ತಪ್ಪು ಹೇಳಿಕೊಟ್ಟೆ. ಅದರಿಂದ ನನ್ನ ನೆಗೆಣ್ಣಿ ಮಹಾನಂದಾಳ ಕೆಲಸ ಹೋಯಿತು. ಬಾಯ್ತಪ್ಪಿ ಬಂದ ಮಾತಲ್ಲ ಅದು — ಚೆನ್ನಾಗಿ ಗೊತ್ತಿದ್ದೇ ಹೇಳಿದ್ದು.

ಒಂದು ಪಾತ್ರೆ ಅಡುಗೆಗೆ ಇಷ್ಟೆಲ್ಲ ಗೋಳಾಟವೇ ಎಂದು ನಗುವವರಿದ್ದಾರೆ. ಅಂಥವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೆಣ್ಣಿನ ಓದನ್ನೂ ಸಂಬಳವನ್ನೂ ಒಂದು ಪಾತ್ರೆ ಅಡುಗೆಗೆ ಕಟ್ಟಿಹಾಕಿದವರು ಅವರೇ, ಆಮೇಲೆ ನಗುವವರೂ ಅವರೇ!

ನಮ್ಮದು ನಾರಾಯಣಖೇಡದಲ್ಲಿ ಬೇಳೆಕಾಳಿನ ವ್ಯಾಪಾರದ ಮನೆ. ಮಹಾನಂದಾ ನನ್ನ ಮೈದುನನ ಹೆಂಡತಿ, ತಾಂಡೂರಿನ ಹುಡುಗಿ. ಹಾಸ್ಟೆಲಿನಲ್ಲಿದ್ದು ಓದಿದವಳು, ಅಡುಗೆ ಅಷ್ಟಕ್ಕಷ್ಟೇ. ಮದುವೆಯಾಗಿ ಬಂದ ಮೇಲೂ ಜಹೀರಾಬಾದಿನ ಒಂದು ಲ್ಯಾಬಿಗೆ ರಕ್ತಪರೀಕ್ಷೆಯ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗಿನ ಬಸ್ಸು ಹಿಡಿಯಬೇಕು, ಬರುವಷ್ಟರಲ್ಲಿ ಸಂಜೆ. ಅತ್ತೆಗೆ ಇದು ಸೇರುತ್ತಿರಲಿಲ್ಲ.

"ದೊಡ್ಡ ಸೊಸಿ ಒಲಿ ಮುಂದ, ಸಣ್ಣ ಸೊಸಿ ಬಸ್ಸಿನ್ಯಾಗ. ಇದ್ಯಾವ ನ್ಯಾಯ ಯವ್ವಾ?" ಎನ್ನುತ್ತಿದ್ದರು. ನನ್ನ ಪರವಾಗಿ ಮಾತಾಡುತ್ತಿದ್ದಾರೆಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಹಿಂದೊಮ್ಮೆ ನಾನು ಹೊಲಿಗೆ ಕಲಿಯಲು ಹೋಗುತ್ತೇನೆಂದಾಗ "ಮನ್ಯಾಗ ಅಡಗಿ ನಿಮ್ಮವ್ವ ಬಂದು ಮಾಡತಾಳೇನು?" ಎಂದಿದ್ದೂ ಇದೇ ಬಾಯಿ. ಅದು ಆಗ ನೆನಪಾಗಬೇಕಿತ್ತು — ಆಗಲಿಲ್ಲ.

ಮಹಾನಂದಾ ಜಗಳಕ್ಕೆ ನಿಲ್ಲಲಿಲ್ಲ. ತನ್ನ ಸಂಬಳದಲ್ಲಿ ಒಂದು ಸ್ಲೋ ಕುಕ್ಕರ್ ತರಿಸಿದಳು. ಒಳಗೆ ಪಿಂಗಾಣಿಯ ಗಡಿಗೆ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ತುಂಬಿಸಿ ಗುಂಡಿ ತಿರುಗಿಸಿ ಹೋದರೆ ಸಂಜೆಗೆ ತಾನೇ ಬೆಂದಿರುತ್ತದೆ. ಜೊತೆಗೆ ಬಂದ ಪುಸ್ತಕದಲ್ಲಿ ಇದ್ದದ್ದೆಲ್ಲ ಗಂಟೆಗಟ್ಟಲೆ ಬೇಯಿಸುವ ಮಾಂಸ, ಕೇಕು. ಲಿಂಗ ಕಟ್ಟಿದ ನಮ್ಮ ಮನೆಗೆ ಅದರಿಂದ ಏನು ಪ್ರಯೋಜನ? ಒಲೆಯ ಮೇಲಿನ ನಮ್ಮ ಅಡುಗೆಯನ್ನು ಆ ಗಡಿಗೆಗೆ ಹೊಂದಿಸಬೇಕಿತ್ತು. ಅದಕ್ಕೆ ಅವಳು ಬಂದದ್ದು ನನ್ನ ಹತ್ತಿರವೇ. "ಅಕ್ಕಾ, ನಿಮ್ಮ ಕೈಯಾಗ ಅದ ಎಲ್ಲಾ. ನನಗ ಹೇಳ್ಕೊಡ್ರಿ."

ಹೇಳಿಕೊಟ್ಟೆ. ಸುಳ್ಳೇಕೆ, ಖುಷಿಯಿಂದಲೇ ಹೇಳಿಕೊಟ್ಟೆ. ಮೊದಲ ದಿನ ಒಲೆಯ ಅಳತೆಯಲ್ಲೇ ನೀರು ಹಾಕಿ ಬೇಳೆ ಗಂಜಿಯಂತಾಯಿತು. ಹಬೆ ಹೊರಗೆ ಹೋಗದ ಪಾತ್ರೆಗೆ ಅಷ್ಟು ನೀರು ಬೇಡವೆಂದು ಇಬ್ಬರೂ ನಗುತ್ತ ಕಲಿತೆವು. ಗಜ್ಜರಿ, ಬದನೆ ಬೇಯದೆ ಉಳಿದಾಗ ಅವನ್ನು ತಳಕ್ಕೆ ಹಾಕಿ ಬೇಳೆಯನ್ನು ಮೇಲೆ ಹಾಕಿದೆವು. ಒಗ್ಗರಣೆ ಒಲೆಯ ಮೇಲೇ ಆಗಬೇಕು, ಇಲ್ಲದಿದ್ದರೆ ಬೆಳ್ಳುಳ್ಳಿಯ ವಾಸನೆಯೇ ಏಳುವುದಿಲ್ಲ. ಗೋಧಿ ಹುಗ್ಗಿ ಮಾಡುವಾಗ "ಬೆಲ್ಲ ಕೊನೀಗಿ ಹಾಕು, ಮೊದಲಽ ಹಾಕಿದ್ರ ಗೋಧಿ ಬೇಯಂಗಿಲ್ಲ" ಎಂದು ಹೇಳಿದವಳು ನಾನೇ. ಆ ಹುಗ್ಗಿಯನ್ನು ಮನೆಯವರೆಲ್ಲ ಬಾಯಿ ಚಪ್ಪರಿಸಿ ತಿಂದರು. ಹೊಗಳಿದ್ದು ಅವಳನ್ನು. ನನ್ನ ಗಂಡ "ನೋಡು, ಓದಿದವರ ತಲಿ ಅಂದ್ರ ಹಿಂಗಿರತದ" ಎಂದು ನನ್ನ ಮುಂದೆಯೇ ಹೇಳಿದರು.

ಅಲ್ಲೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಇಷ್ಟು ವರ್ಷ ಹೊಗೆ ಕುಡಿದವಳು ನಾನು, ಹೇಳಿಕೊಟ್ಟವಳು ನಾನು... ಸಿಟ್ಟು ಗಂಡನ ಮೇಲೆ ಬರಬೇಕಿತ್ತಲ್ಲ? ಬರಲಿಲ್ಲ. ಗಂಡನ ಮೇಲೆ ಸಿಟ್ಟಾಗುವ ಧೈರ್ಯ ಇರಲಿಲ್ಲ. ಮಹಾನಂದಾ ಎದುರಿಗೇ ಇದ್ದಳು, ಸುಲಭಕ್ಕೆ ಸಿಕ್ಕಳು.

ಎಳ್ಳಮಾವಾಸ್ಯೆ ಹತ್ತಿರ ಬಂತು. ನಾಗಲಗಿದ್ದದ ಹತ್ತಿರದ ನಮ್ಮ ಹೊಲಕ್ಕೆ ಬಂಧುಬಳಗವನ್ನೆಲ್ಲ ಕರೆದು ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಣ್ಣುವ ದಿನ ಅದು. ಅವತ್ತಿನ ಊಟದಲ್ಲಿ ಭಜ್ಜಿಯೇ ದೊಡ್ಡದು — ಹಲವು ಕಾಳು, ಸೊಪ್ಪು, ಹುಣಸೆಹುಳಿ ಕೂಡಿಸಿ ಬೇಯಿಸಿದ್ದು, ಸಜ್ಜೆ ರೊಟ್ಟಿಯ ಜೊತೆಗೆ. ಅತ್ತೆ ತೀರ್ಪು ಕೊಟ್ಟರು: "ಈ ಸಲ ಭಜ್ಜಿ ಸಣ್ಣಾಕಿ ಮಾಡ್ಲಿ, ತನ್ನ ಮಿಷನ್ನಿನ್ಯಾಗ. ಚಲೋ ಆದ್ರ ಲ್ಯಾಬಿಗಿ ಹೋಗ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಆಗಲಿಲ್ಲಂದ್ರ ಸುಮ್ಮ ಮನ್ಯಾಗಿರ್ಲಿ." ಗಂಡಸರು ತಲೆಯಾಡಿಸಿದರು. ಅವಳ ಗಂಡನೂ. ಥೂ, ಎಂಥ ಪಂಚಾಯಿತಿ!

ಹಿಂದಿನ ಸಂಜೆ ನೆನೆದ ಕಾಳನ್ನು ಗಡಿಗೆಗೆ ಹಾಕುತ್ತ ಮಹಾನಂದಾ ಕೇಳಿದಳು: "ಅಕ್ಕಾ, ಹುಣಸಿ ರಸ ಯಾವಾಗ ಹಾಕ್ಲಿ? ಹುಗ್ಗಿಗಿ ಬೆಲ್ಲ ಹಾಕಿದಂಗ ಕೊನೀಗೇನ್ರಿ?"

ಕೇಳಿದಳು. ಸರಿಯಾಗಿಯೇ ಊಹಿಸಿದ್ದಳು. ಹೂಂ ಎಂದಿದ್ದರೆ ಸಾಕಿತ್ತು.

"ಏ ಇಲ್ಲ, ಭಜ್ಜಿ ಬ್ಯಾರೆ" ಎಂದೆ. "ಕಾಳು ಹುಳಿ ಹೀರಬೇಕು. ಮೊದಲಽ ಹಾಕಿಬಿಡು."

ನೆನೆಸಿದ್ದರೂ ಹುಳಿಯಲ್ಲಿ ಕಾಳು ಬೇಯುವುದಿಲ್ಲ. ಒಲೆಯ ಮೇಲಾದರೆ ನಡುವೆ ಮುಚ್ಚಳ ತೆಗೆದು, ಒತ್ತಿ ನೋಡಿ, ಉರಿ ಏರಿಸಬಹುದು. ಆ ಗಡಿಗೆಯ ಮುಚ್ಚಳವನ್ನು ಪದೇ ಪದೇ ತೆಗೆಯಬಾರದೆಂದು ಅವಳು ಕಲಿತಿದ್ದಳು. ಅದೂ ನನಗೆ ಗೊತ್ತಿತ್ತು.

ಮರುದಿನ ಹೊಲದಲ್ಲಿ, ನೆಂಟರ ನಡುವೆ, ಅತ್ತೆ ಒಂದು ಕಡಲೆಕಾಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟು ಎಲ್ಲರಿಗೂ ತೋರಿಸಿದರು. "ಹಲ್ಲು ಮುರಿಯಂಗ ಅದ ನೋಡ್ರಿ! ಎಲ್ಲಾ ಮಿಷನ್ನಿಗಿ ಬಿಟ್ರ ಹಿಂಗಽ." ಜನ ನಕ್ಕರು. ಮಹಾನಂದಾ ನನ್ನ ಕಡೆ ನೋಡಿದಳು. ಅವಳ ನೋಟದಲ್ಲಿ ಅನುಮಾನ ಇರಲಿಲ್ಲ. ನಾನು ಏನಾದರೂ ಹೇಳಿ ಕಾಪಾಡುತ್ತೇನೆಂಬ ಆಸೆ ಇತ್ತು. ನಾನು ರೊಟ್ಟಿ ಬಡಿಸುತ್ತ ಮುಂದಿನ ಸಾಲಿಗೆ ಹೋದೆ.

ಅವಳು ಲ್ಯಾಬು ಬಿಟ್ಟಳು. ಕುಕ್ಕರ್ ಅಟ್ಟ ಸೇರಿತು. ವರ್ಷಗಟ್ಟಲೆ ನನ್ನ ಪಕ್ಕದಲ್ಲೇ ಕೂತು ರೊಟ್ಟಿ ಬಡಿದಳು, "ಅಕ್ಕಾ" ಎಂದೇ ಕರೆದಳು.

ನಾನಾಗಿ ಬಾಯಿ ಬಿಡುತ್ತಿರಲಿಲ್ಲವೇನೋ. ಈ ವರ್ಷ ನನ್ನ ಮಗಳಿಗೆ ನರ್ಸ್ ಕೆಲಸ ಸಿಕ್ಕಿತು. ಅದೇ ಅತ್ತೆ ಓಣಿಗೆಲ್ಲ ಪೇಡೆ ಹಂಚಿದರು. "ನಮ್ಮ ಮೊಮ್ಮಗಳು ದವಾಖಾನಿಯಾಗ ಕೆಲಸ ಮಾಡತಾಳ!" ಮಹಾನಂದಾ ಒಂದು ಪೇಡೆ ತೆಗೆದುಕೊಂಡು "ಭಾಳ ಚಲೋ ಆತ್ರಿ ಅಕ್ಕಾ" ಎಂದಳು. ನನ್ನ ಪಾಲಿನ ಪೇಡೆಯನ್ನು ನಾನು ಡಬ್ಬಿಗೇ ವಾಪಸ್ಸು ಹಾಕಿದೆ.

ಈ ಸಲದ ಎಳ್ಳಮಾವಾಸ್ಯೆಯ ದಿನ ಅದೇ ಹೊಲದಲ್ಲಿ, ಅಷ್ಟೇ ಜನರ ಮುಂದೆ ಹೇಳಿದೆ. ಅವಳು ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಇದ್ದದ್ದು ಇದ್ದ ಹಾಗೆ.

"ಹಳೀ ಮಾತು ಈಗ್ಯಾಕ ಎತ್ತತಿ? ಉಣ್ಣು" ಎಂದರು ಅತ್ತೆ. "ಹೆಣ್ಮಕ್ಕಳ ಒಲಿ ಜಗಳ" ಎಂದು ನನ್ನ ಗಂಡ ಮಜ್ಜಿಗೆ ಕೇಳಿದರು. ಒಬ್ಬಳ ಬಾಳಿನ ಅಷ್ಟು ವರ್ಷ ಇವರಿಗೆ ಮಜ್ಜಿಗೆಗಿಂತ ಕಡೆ! ಕೂಗಾಡಿದೆ. ಆದರೆ ಕೂಗಾಡುವಾಗಲೂ ಗೊತ್ತಿತ್ತು — ತೀರ್ಪು ಅವರದಾದರೂ ಹುಳಿ ಹಾಕಿಸಿದವಳು ನಾನು.

ಮಹಾನಂದಾ ಕೈ ತೊಳೆದು ಎದ್ದಳು. "ಅವತ್ತ ಒಂದು ಮಾತು ಕೇಳಿದ್ನಲ್ರೀ ನಿಮಗ" ಎಂದಳು. ಅಷ್ಟೇ. ಆಮೇಲೆ ನನ್ನ ಜೊತೆ ಮಾತಾಡಿಲ್ಲ.

ಈಗ ಅವಳು ಮತ್ತೆ ಜಹೀರಾಬಾದಿನ ಬಸ್ಸು ಹತ್ತುತ್ತಾಳೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಲ್ಯಾಬಿನ ಯಂತ್ರಗಳೆಲ್ಲ ಬದಲಾಗಿವೆಯಂತೆ. ತನಗಿಂತ ತುಂಬ ಚಿಕ್ಕ ಹುಡುಗಿಯೊಬ್ಬಳ ಕೈಕೆಳಗೆ ಮೊದಲಿನಿಂದ ಕಲಿಯುತ್ತಿದ್ದಾಳೆಂದು ಮೈದುನ ಹೇಳಿದ.

ಅಟ್ಟದಿಂದ ಕುಕ್ಕರ್ ಇಳಿಸಿ ನಾನೇ ತೊಳೆದೆ. ದಿನವೂ ರಾತ್ರಿ ಅದರಲ್ಲಿ ಕಾಳು ಬೇಯಲು ಇಟ್ಟು, ಬೆಂದ ಮೇಲೆ, ಕೊನೆಯಲ್ಲಿ ಹುಳಿ ಹಾಕುತ್ತೇನೆ. ಬೆಳಿಗ್ಗೆ ಅವಳ ಚೀಲದ ಪಕ್ಕ ಡಬ್ಬಿ ತುಂಬಿಸಿ ಇಡುತ್ತೇನೆ. ಅವಳು ತಾನೇ ಬಡಿದ ಎರಡು ರೊಟ್ಟಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗುತ್ತಾಳೆ. ಡಬ್ಬಿ ಇಟ್ಟಲ್ಲೇ ಇರುತ್ತದೆ. ಸಂಜೆ ನಾನೇ ಅದನ್ನು ಉಣ್ಣುತ್ತೇನೆ, ಮತ್ತೆ ನಾಳೆಗೆ ಕಾಳು ನೆನೆಹಾಕುತ್ತೇನೆ.